ದೊಡ್ಡಪ್ಪನ ಮಣ್ಣಿಗೆ ಹೊರಟ ರೈಟ್ ವಿಂಗರ್

ಎಲಿಸ್ ಪ್ಯಾರಿಯವರ ಆರೋಗ್ಯ ಬಹಳ ಚೆನ್ನಾಗಿತ್ತು. ಅರವತ್ತು ದಾಟಿದ ಮೇಲೂ ರೆಕ್ಸ್‌ಹ್ಯಾಮಿನ ಬಿಯರ್ ಕಾರ್ಖಾನೆಯಲ್ಲಿ ತುಂಬಿದ ಪೀಪಾಯಿಯನ್ನು ಒಬ್ಬರೇ ಉರುಳಿಸುತ್ತಿದ್ದರು. ಆದರೂ ಆ ಶನಿವಾರ ಬೆಳಿಗ್ಗೆ, ಅಲ್ಲಿಂದ ಇಪ್ಪತ್ತು ಮೈಲಿ ದೂರದ ಪಂಟ್‌ಹೆಲಿಗ್ ಊರಿನ ಸ್ಲೇಟುಗಣಿಯಲ್ಲಿ, ಅವರ ತಮ್ಮನ ಮಗ ಇಥೆಲ್ ಅವರನ್ನು ಒಂದೇ ಉಸಿರಿಗೆ ಸಾಯಿಸಿಬಿಟ್ಟ.

"ಮೇಸ್ತ್ರಿಗಳೇ, ರೆಕ್ಸ್‌ಹ್ಯಾಮಲ್ಲಿ ನಮ್ಮ ದೊಡ್ಡಪ್ಪ ತೀರ್ಕೊಂಡ್ರು. ಇವತ್ತು ಮಧ್ಯಾಹ್ನ ಮಣ್ಣು. ನಾನು ಹೋಗ್ಬೇಕು."

ಸಾಯಿಸುವುದಕ್ಕೆ ಕಾರಣವಿತ್ತು. ಹಿಂದಿನ ಸಂಜೆ ಅಂಚೆಮನೆಯ ಹೆಂಗಸು ಅವನಿಗೊಂದು ತಂತಿ ತಂದುಕೊಟ್ಟಿದ್ದಳು. ತಂತಿ ಇಂಗ್ಲಿಷಿನಲ್ಲಿತ್ತು, ಇಥೆಲ್‌ಗೆ ವೆಲ್ಷ್ ಬಿಟ್ಟರೆ ಬೇರೆ ಭಾಷೆ ಬಾರದು. ಆಕೆಯೇ ಓದಿ ಅರ್ಥ ಹೇಳಿದಳು. ವೇಲ್ಸ್ ಫುಟ್‌ಬಾಲ್ ತಂಡದ ರೈಟ್ ವಿಂಗರ್‌ಗೆ, ಎಂದರೆ ಬಲ ಅಂಚಿನಲ್ಲಿ ಓಡುವವನಿಗೆ, ಪಾದ ಉಳುಕಿದೆ. ಶನಿವಾರ ಮೂರು ಗಂಟೆಗೆ ರೆಕ್ಸ್‌ಹ್ಯಾಮಿನಲ್ಲಿ ಐರ್ಲೆಂಡ್ ಮೇಲೆ ಅವನ ಬದಲು ಇಥೆಲ್ ಪ್ಯಾರಿ ಆಡಬೇಕು. ಬೂಟು ತಾನೇ ತರಬೇಕು. ಯಾರಿಗೂ ಹೇಳುವುದಿಲ್ಲ ಎಂದು ಎದೆ ಮುಟ್ಟಿ ಮಾತು ಕೊಟ್ಟು ಆಕೆ ಹೊರಟುಹೋದಳು.

ಗೋಲಿಗೆ ಇನ್ನೂ ಬಲೆ ಕಟ್ಟದಿದ್ದ ಕಾಲ ಅದು. ದೇಶದ ಪರವಾಗಿ ಆಡುವವನಿಗೂ ಸಂಬಳವಿರಲಿಲ್ಲ. ಆದರೆ ಇಪ್ಪತ್ತೆರಡರ ಇಥೆಲ್ ಪ್ಯಾರಿಗೆ ಅಪ್ಪ ಅಮ್ಮ ಇರಲಿಲ್ಲ, ಸ್ವಂತ ಮನೆ ಇರಲಿಲ್ಲ, ಇದ್ದದ್ದು ಎರಡು ಕಾಲು. ಚೆಂಡು ಸಿಕ್ಕಿ ಬಲಗಡೆಯ ಗೆರೆಗುಂಟ ಹೊರಟನೆಂದರೆ ಬಿಸಿ ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ, ಎಲ್ಲಿಗೆ ಸಿಡಿಯುತ್ತಾನೆಂದು ಹೇಳಲಾಗುತ್ತಿರಲಿಲ್ಲ. ಆ ಓಟವನ್ನು ಆಯ್ಕೆ ಸಮಿತಿಯ ಒಬ್ಬನೇ ಒಬ್ಬ ಸದಸ್ಯ ಒಂದೇ ಒಂದು ಸಲ ನೋಡಿದ್ದ. ಇನ್ನೊಂದು ಸಲ ನೋಡಲು ಯಾರಾದರೂ ಈ ಕಣಿವೆಗೆ ಬರುತ್ತಾರೆಂಬ ನಂಬಿಕೆ ಇಥೆಲ್‌ಗೆ ಇರಲಿಲ್ಲ. ಹೋದರೆ ಈ ಶನಿವಾರ ಹೋಗಬೇಕು.

ತೊಡಕಾಗಿದ್ದದ್ದು ಗಣಿಯ ಮ್ಯಾನೇಜರ್ ಕ್ರಂಪ್ ದೊರೆ. ಹಿಂದಿನ ವರ್ಷ ಯಾವುದೋ ಕಪ್ ಪಂದ್ಯದ ದಿನ ಅರ್ಧ ಗಣಿ ಖಾಲಿಯಾದದ್ದನ್ನು ಕಂಡ ಆ ಇಂಗ್ಲಿಷ್ ದೊರೆ, ಚೆಂಡಾಟಕ್ಕೆ ರಜೆ ಕೇಳಿದವನಿಗೆ ಕೆಲಸವೇ ಇಲ್ಲ ಎಂದು ಬಾಗಿಲಿಗೆ ಹಲಗೆ ಹೊಡೆಸಿದ್ದ. ಆದರೆ ಮಣ್ಣಿಗೆ ಹೋಗುವವನನ್ನು ತಡೆಯುವ ಧೈರ್ಯ ಅವನಿಗೂ ಇರಲಿಲ್ಲ. ಬಂದ ಹೊಸದರಲ್ಲಿ ಒಮ್ಮೆ ತಡೆದಿದ್ದ. ಗಣಿ ಒಂಬತ್ತು ದಿನ ನಿಂತಿತ್ತು.

ಎಲಿಸ್ ದೊಡ್ಡಪ್ಪನನ್ನೇ ಆರಿಸಿಕೊಂಡದ್ದರಲ್ಲೂ ಇಥೆಲ್‌ನ ಲೆಕ್ಕಾಚಾರವಿತ್ತು. ಇಪ್ಪತ್ತು ವರ್ಷದ ಹಿಂದೆ ಎಲಿಸ್ ಬಿಯರ್ ಕಾರ್ಖಾನೆಗೆ ಸೇರಿದಾಗ, ಹೆಂಡ ಮುಟ್ಟದ ಪಂಟ್‌ಹೆಲಿಗ್‌ನ ಪ್ರಾರ್ಥನಾ ಮಂದಿರ ಅವರ ಹೆಸರನ್ನೇ ಸದಸ್ಯರ ಪಟ್ಟಿಯಿಂದ ತೆಗೆದುಹಾಕಿತ್ತು. ಆ ಮೇಲೆ ಊರಲ್ಲಿ ಯಾರೂ ಅವರ ಮುಖ ನೋಡಿರಲಿಲ್ಲ. ಅಂಥವರ ಮಣ್ಣಿಗೆ ಯಾರು ತಾನೇ ಬಂದಾರು?

ಮೇಸ್ತ್ರಿ ಮಲಾಕಿ ಗಿಟ್ಟಿನ್ಸ್ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಟೋಪಿ ತೆಗೆದರು. ಅವರು ಗಣಿಗೆ ಮೇಸ್ತ್ರಿ, ಪ್ರಾರ್ಥನಾ ಮಂದಿರಕ್ಕೆ ಹಿರಿಯರು. ಕರಿ ಕಲ್ಲಿನಲ್ಲೇ ಕಡೆದಂತಿದ್ದ ಮುಖ. ಎಲಿಸ್‌ನ ಹೆಸರು ತೆಗೆಯಬೇಕೆಂದು ಅಂದು ಎದ್ದು ನಿಂತು ಹೇಳಿದವರೂ ಅವರೇ.

"ಎಲಿಸಾ? ಇಬ್ರೂ ಒಂದೇ ಬೆಂಚಲ್ಲಿ ಕೂತು ಓದಿದೋರು ಕಣಯ್ಯ," ಎಂದರು. ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡಿದರು. "ಬದುಕಿದ್ದಾಗ ಹೋಗ್ಲಿಲ್ಲ. ಮಣ್ಣಿಗೂ ಹೋಗ್ದಿದ್ರೆ ದೇವರು ಮೆಚ್ತಾನಾ? ಮನೆಯವರು ಏನಂದಿದಾರೆ?"

ಇಲ್ಲಿ ಇಥೆಲ್ ಎಡವಿದ. ಆ ಕಣಿವೆಯಲ್ಲಿ ಮಣ್ಣು ಎರಡು ಥರ. 'ಮನೆಯವರಿಗೆ ಮಾತ್ರ' ಎಂದರೆ ಬೇರೆ ಯಾರೂ ಹೋಗುವ ಹಾಗಿಲ್ಲ. 'ಗಂಡಸರಿಗೆ ಮಾತ್ರ' ಎಂದರೆ ಹೆಂಗಸರು ಮನೆಯಲ್ಲಿ ಉಳಿಯುತ್ತಾರೆ, ಊರಿನ ಅಷ್ಟೂ ಗಂಡಸರು ಕರಿ ಬಟ್ಟೆ ಹಾಕಿ ಹೊರಡುತ್ತಾರೆ. ಹೋಗದವನನ್ನು ಮುಂದಿನ ಭಾನುವಾರ ಯಾರೂ ಮಾತಾಡಿಸುವುದಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿದ್ದ ಈ ಸಂಗತಿಯನ್ನು, ಮಲಾಕಿಯವರ ಕಣ್ಣು ತೇವವಾದದ್ದನ್ನು ಕಂಡ ಗಾಬರಿಯಲ್ಲಿ, ಇಥೆಲ್ ತಿರುವುಮುರುವು ಮಾಡಿದ.

"ಗಂಡಸರಿಗೆ ಮಾತ್ರ ಅಂತ ಹೇಳಿದಾರೆ," ಎಂದ.

"ಹಾಗಾದ್ರೆ ಎಲ್ಲಾರೂ ಬರ್ತೀವಿ," ಎಂದರು ಮಲಾಕಿ.

ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವಷ್ಟರಲ್ಲಿ ಅವರು ಮ್ಯಾನೇಜರ್ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಐದು ನಿಮಿಷದಲ್ಲಿ ಗಣಿಯ ಕೊಂಬು ಕೂಗಿತು. ಕ್ರಂಪ್ ದೊರೆ ಕಿಟಕಿಯಲ್ಲಿ ನಿಂತು, ಮಲಾಕಿಯ ತಂಡದ ನಲವತ್ತು ಮಂದಿ ತಲೆ ತಗ್ಗಿಸಿ ಮನೆ ಕಡೆ ಹೋಗುವುದನ್ನು ನೋಡಿ, ತನ್ನ ಟೋಪಿಯನ್ನೂ ತೆಗೆದ.

ಇಥೆಲ್ ಇದ್ದದ್ದು ಲೌರಿ ಅತ್ತೆಯ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಅವನು ಬಾಗಿಲು ದಾಟುವ ಮೊದಲೇ ಸುದ್ದಿ ಅಡಿಗೆಮನೆಗೆ ತಲುಪಿತ್ತು. ತೀರಿಹೋದ ಗಂಡನ ಕರಿ ಕೋಟನ್ನು ಆಕೆ ಒಲೆಯ ಮುಂದೆ ಬಿಸಿಗೆ ಹಿಡಿದಿದ್ದಳು. ಆ ಗಂಡ ಭಾರಿ ಆಳು. ಇಥೆಲ್ ಕೋಟು ಹಾಕಿಕೊಂಡ ಮೇಲೂ ಒಳಗೆ ಇನ್ನೊಬ್ಬನಿಗೆ ಜಾಗವಿತ್ತು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಚಹಾಪುಡಿ, ಸಕ್ಕರೆ, ಬೆಣ್ಣೆ ತಂದು ಮೇಜಿನ ಮೇಲೆ ಇಟ್ಟು ಹೋದರು. ಲೌರಿ ಅತ್ತೆ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಸುಟ್ಟಿದ್ದಳು. ಎಲ್ಲವನ್ನೂ ಬುಟ್ಟಿಗೆ ತುಂಬುವಾಗ ಆಕೆ ಒಂದು ಗಳಿಗೆ ಒಳಗೆ ಹೋದಳು. ಇಥೆಲ್ ಚಹಾಪುಡಿ ಎತ್ತಿ, ತಳದಲ್ಲಿ ಬೂಟು ಇಟ್ಟು, ಮೇಲೆ ಬ್ರೆಡ್ಡು ಜೋಡಿಸಿದ.

ಆಕೆ ಬಂದು ಬುಟ್ಟಿ ಎತ್ತಿ ನೋಡಿದಳು. "ಯಾಕೋ ಭಾರ ಆಗಿದೆಯಲ್ಲೋ?"

"ದುಃಖದಲ್ಲಿ ಎಲ್ಲಾ ಭಾರ ಅನ್ಸುತ್ತೆ, ಅತ್ತೆ."

"ಅನ್ಸುತ್ತೆ, ಅನ್ಸುತ್ತೆ," ಎಂದಳು ಲೌರಿ ಅತ್ತೆ. "ಬಲಗಾಲಿಗೆ ಎಣ್ಣೆ ಹಚ್ಕೊಂಡು ಹೋಗು. ಹೋದ ವಾರ ಕುಂಟ್ತಿದ್ದೆ."

ಮಣ್ಣಿಗೆ ಹೋಗುವವನ ಕಾಲಿಗೇಕೆ ಎಣ್ಣೆ ಎಂದು ಆ ಹೊತ್ತಿನಲ್ಲಿ ಇಥೆಲ್‌ಗೆ ಹೊಳೆಯಲಿಲ್ಲ.

ರೈಲು ನಿಲ್ದಾಣದಲ್ಲಿ ನಲವತ್ತು ಕರಿ ಕೋಟುಗಳು ಸಾಲಾಗಿ ನಿಂತಿದ್ದವು. ಅವರಲ್ಲಿ ಅರ್ಧ ಮಂದಿ ಮಂದಿರದ ಗಾಯನ ತಂಡದವರು. ಅದರ ಮುಖ್ಯಸ್ಥ ಒಬಡಾಯ ಫೌಲ್ಕ್ಸ್, ಸಣ್ಣ ಆಳು, ಹಲ್ಲಿಗೆ ಶ್ರುತಿಕಡ್ಡಿ ತಾಗಿಸಿ ಸ್ವರ ನೋಡುತ್ತಿದ್ದ. ನಾಲ್ಕು ಕೀರ್ತನೆ ಆರಿಸಿದ್ದೇನೆ, ಗುಂಡಿಯ ಹತ್ತಿರ ಮೂರನೆಯದು, ಅದರಲ್ಲಿ ಮಂದ್ರದವರು ಆತುರಪಡಬಾರದು ಎಂದು ಇಥೆಲ್‌ನ ಹೆಗಲು ತಟ್ಟಿ ವಿವರಿಸಿದ.

"ಅಷ್ಟೆಲ್ಲಾ ಯಾಕೆ ಒಬಡಾಯ ಮಾಮ, ದೊಡ್ಡಪ್ಪನಿಗೆ ಹಾಡು ಅಷ್ಟಕ್ಕಷ್ಟೆ," ಎಂದ ಇಥೆಲ್.

"ಈಗ ಬೇಡ ಅನ್ನೋ ಸ್ಥಿತೀಲಿ ಅವರಿಲ್ಲ," ಎಂದ ಒಬಡಾಯ.

ಅಷ್ಟರಲ್ಲಿ ಯಾರೋ ಇಥೆಲ್‌ನ ಕೈಯಿಂದ ಬುಟ್ಟಿ ಎತ್ತಿಕೊಂಡರು. ಇದ್ವಾಲ್. ಗಾಯನ ತಂಡದ ಮೇಲುಸ್ವರದವರಲ್ಲೆಲ್ಲ ದೊಡ್ಡ ಗಂಟಲು ಅವನದು. ಎದೆ ಪೀಪಾಯಿಯಷ್ಟು, ಓಟ ಪೀಪಾಯಿಗಿಂತ ನಿಧಾನ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ. ದುಃಖದಲ್ಲಿರುವವನು ಭಾರ ಹೊರಬಾರದು ಎಂಬುದು ಅವನ ವಾದ. ಇಥೆಲ್ ಬುಟ್ಟಿಯ ಹಿಡಿಯನ್ನು ಈ ಕಡೆ ಎಳೆದ. ಇದ್ವಾಲ್ ಪ್ರೀತಿಯಿಂದ ಆ ಕಡೆ ಎಳೆದ. ಮಲಾಕಿ ಗಿಟ್ಟಿನ್ಸ್ ನಡುವೆ ಬಂದು ಇಥೆಲ್‌ನ ಬಲಗೈಯನ್ನು ತಮ್ಮ ಎಡಗೈಯಲ್ಲಿ ಸಿಕ್ಕಿಸಿಕೊಂಡರು. ಸತ್ತವರ ಹತ್ತಿರದ ಸಂಬಂಧಿಯನ್ನು ಮಂದಿರದ ಹಿರಿಯರು ಕೈಹಿಡಿದು ನಡೆಸಬೇಕು, ಗುಂಡಿ ಮುಚ್ಚುವ ತನಕ ಬಿಡಬಾರದು, ಅದು ಪದ್ಧತಿ. ನಲವತ್ತು ವರ್ಷ ಕಲ್ಲು ಸೀಳಿದ ಆ ಕೈ ಬಿಗಿದ ಮೇಲೆ ಇಥೆಲ್‌ನ ಬೆರಳುಗಳು ನೀಲಿಯಾಗತೊಡಗಿದವು.

ರೈಲಿನಲ್ಲಿ ಕೀರ್ತನೆ ಶುರುವಾಯಿತು. ರುವಾಬನ್ ನಿಲ್ದಾಣದಲ್ಲಿ ಗಾಡಿ ಬದಲಿಸಲು ಇಳಿದಾಗ, ಅಲ್ಲಿ ಟೋಪಿಗೆ ವೇಲ್ಸ್‌ನ ಗುರುತಾದ, ಹಸಿ ಈರುಳ್ಳಿ ಸೊಪ್ಪಿನಂಥ ಲೀಕ್ ಸಿಕ್ಕಿಸಿಕೊಂಡ ಇನ್ನೂರು ಮುನ್ನೂರು ಮಂದಿ ಪಂದ್ಯಕ್ಕೆ ಹೊರಟವರು ಕೂಗಾಡುತ್ತಿದ್ದರು. ಕರಿ ಕೋಟಿನ ಸಾಲನ್ನು ಕಂಡದ್ದೇ ಎಲ್ಲರೂ ಸುಮ್ಮನಾದರು, ಟೋಪಿ ತೆಗೆದರು, ದಾರಿ ಬಿಟ್ಟರು. ಗುರುತಿಲ್ಲದ ಮುದುಕನೊಬ್ಬ ಅಳುತ್ತ ಬಂದು ಇಥೆಲ್‌ನನ್ನು ಅಪ್ಪಿಕೊಂಡು, ಎಂಥಾ ಮನುಷ್ಯ, ಎಂಥಾ ಮನುಷ್ಯ ಎಂದ. ಇಥೆಲ್ ಆ ಗುಂಪನ್ನು, ಸಮುದ್ರದ ನಡುವೆ ದೋಣಿ ತಪ್ಪಿದವನು ದಡ ನೋಡುವ ಹಾಗೆ ನೋಡಿದ. ಮಲಾಕಿಯವರ ಕೈ ಇನ್ನಷ್ಟು ಬಿಗಿಯಿತು.

ರೆಕ್ಸ್‌ಹ್ಯಾಮಿನಲ್ಲಿ ಇಳಿದಾಗ ಎರಡು ಗಂಟೆ ದಾಟಿತ್ತು. ಇಬ್ಬಿಬ್ಬರಂತೆ ಸಾಲು ಕಟ್ಟಿ, ಮುಂದೆ ಇಥೆಲ್ ಮತ್ತು ಮಲಾಕಿ, ಹಿಂದೆ ನಾಲ್ಕೂ ಸ್ವರದಲ್ಲಿ ಕೀರ್ತನೆ ಹಾಡುತ್ತ, ಮೆರವಣಿಗೆ ಬೀದಿಗೆ ಬಂತು. ಪೊಲೀಸಿನವನು ಗಾಡಿಗಳನ್ನು ತಡೆದು ನಿಲ್ಲಿಸಿದ. ಅಂಗಡಿಯವರು ಬಾಗಿಲು ಅರ್ಧ ಎಳೆದರು.

ಮನೆ ಯಾವ ಕಡೆ ಎಂದು ಮಲಾಕಿ ಕೇಳಿದರು. ಚರ್ಮ ಹದ ಮಾಡುವ ಕಾರ್ಖಾನೆಯ ಹಿಂದೆ ಎಂದ ಇಥೆಲ್. ಆಟದ ಮೈದಾನ ಅದರ ವಿರುದ್ಧ ದಿಕ್ಕಿನಲ್ಲಿತ್ತು. ಕೈ ಬಿಡಿಸಿಕೊಂಡ ಮೇಲೆ ಯಾರೂ ತನ್ನನ್ನು ಆ ಕಡೆ ಹುಡುಕಬಾರದು ಎಂಬುದು ಅವನ ಯೋಚನೆ. ಬಿಡಿಸಿಕೊಳ್ಳುವುದು ಹೇಗೆಂದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಶೂ ದಾರ ಬಿಚ್ಚಿದೆ ಎಂದ. ಮಲಾಕಿಯವರೂ ಅವನ ಜೊತೆ ಬಗ್ಗಿದರು. ಸೀನು ಬಂತು, ಕರವಸ್ತ್ರ ತೆಗೆಯಬೇಕು ಎಂದ, ತಮ್ಮದನ್ನು ಕೊಟ್ಟರು.

ಕಟುಕನ ಅಂಗಡಿಯ ತಿರುವು ದಾಟಿದಾಗ ಹಿಂದಿನ ಹಾಡಿನಲ್ಲಿ ಏನೋ ಕಡಿಮೆಯಾದಂತೆ ಕೇಳಿತು. ಮಂದ್ರ ಇರಲಿಲ್ಲ. ಹತ್ತು ಹನ್ನೆರಡು ಭಾರಿ ಗಂಟಲುಗಳು ಒಟ್ಟಿಗೆ ನಿಂತು, ಹಾಡು ಬುಡವಿಲ್ಲದ ಕೊಡದ ಹಾಗೆ ತೇಲತೊಡಗಿತು. ಚರ್ಚಿನ ಮೂಲೆಯಲ್ಲಿ ಮಧ್ಯದ ಸ್ವರ ಹೋಯಿತು. ನಿಂಬೆ ಪೆಪ್ಪರಮೆಂಟು ತರುತ್ತೇನೆ, ಗಂಟಲು ಕಟ್ಟಿದೆ ಎಂದು ಒಬಡಾಯ ಹೇಳಿದ್ದು ಕೇಳಿಸಿತು. ಆಮೇಲೆ ಅವನೂ ಕೇಳಿಸಲಿಲ್ಲ. ಮೇಲುಸ್ವರದವರು ಇನ್ನೊಂದು ಚರಣ ಎಳೆದರು. ಕಾರ್ಖಾನೆಯ ಗೋಡೆಯ ಹತ್ತಿರ ಇದ್ವಾಲ್‌ನ ಒಂದೇ ಗಂಟಲು ಉಳಿದಿತ್ತು. ಚರಣದ ನಡುವೆ, ಉಸಿರು ಎಳೆಯುವ ಜಾಗದಲ್ಲಿ, ಅದೂ ನಿಂತಿತು.

ಇಥೆಲ್ ತಿರುಗಿ ನೋಡಿದ. ಬೀದಿ ಖಾಲಿ. ನಲವತ್ತು ಮಂದಿಯೂ ಇಲ್ಲ, ಇದ್ವಾಲೂ ಇಲ್ಲ, ಬುಟ್ಟಿಯೂ ಇಲ್ಲ.

ಮಲಾಕಿ ಗಿಟ್ಟಿನ್ಸ್ ತಿರುಗಿ ನೋಡಲಿಲ್ಲ. ಕೊನೆಯ ಚರಣವನ್ನು ಒಬ್ಬರೇ, ಮೆಲ್ಲಗೆ, ಶ್ರುತಿ ತಪ್ಪಿ ಮುಗಿಸಿದರು.

ಇಬ್ಬರೂ ನಡೆದರು. ಕಾರ್ಖಾನೆಯ ಹಿಂದೆ ಹೋದರು, ಮುಂದೆ ಬಂದರು. ಒಂದೇ ಹೆಂಡದಂಗಡಿಯ ಮುಂದೆ ಮೂರನೇ ಸಲ ಹಾಯುವಾಗ ಅದರ ಮಾಲೀಕ ಗುರುತಿನವರೆಂಬಂತೆ ತಲೆಯಾಡಿಸಿದ. ಮಲಾಕಿ ಏನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಮನೆಗಳ ಆಚೆಯಿಂದ, ದೂರದಲ್ಲಿ, ಸಾವಿರಾರು ಗಂಟಲುಗಳ ಒಂದೇ ಕೂಗು ಎದ್ದು ಬಂತು. ಮೂರು ಗಂಟೆ. ತಂಡಗಳು ಮೈದಾನಕ್ಕೆ ಇಳಿದಿದ್ದವು.

ಇಥೆಲ್ ಬೀದಿಯ ನಡುವೆ ನಿಂತುಬಿಟ್ಟ.

"ಮೇಸ್ತ್ರಿಗಳೇ, ನಮ್ಮ ದೊಡ್ಡಪ್ಪ ಸತ್ತಿಲ್ಲ."

"ಗೊತ್ತು."

"ಇವತ್ತು ವೇಲ್ಸ್ ಪರ ನಾನು ಆಡ್ಬೇಕಾಗಿತ್ತು."

"ಅದೂ ಗೊತ್ತು. ಅಂಚೆಮನೆಯವಳು ನಿನ್ನೆ ಎಲ್ರಿಗೂ ಹೇಳಿದಾಳೆ."

"ಮತ್ತೆ ಕೈ ಯಾಕೆ ಹಿಡ್ಕೊಂಡಿದೀರಿ?"

"ನೀನು ಯಾಕೆ ಬಿಡಿಸ್ಕೊಳ್ಳಲಿಲ್ಲ?" ಮಲಾಕಿಯವರ ದನಿಯಲ್ಲಿ ಮೊದಲ ಸಲ ಸಿಟ್ಟು ಕಾಣಿಸಿತು. "ಸಂಬಂಧಿ ಕೈನ ಹಿರಿಯ ಆದವನು ತಾನಾಗಿ ಬಿಡೋ ಹಾಗಿದೆಯಾ? ನೀನು ಕಿತ್ಕೊಂಡು ಓಡ್ತೀಯ, ನಿನ್ನ ಹುಡುಕೋ ನೆಪದಲ್ಲಿ ನಾನೂ ಬರ್ತೀನಿ ಅಂತ ಒಂದು ಗಂಟೆಯಿಂದ ಕಾಯ್ತಿದೀನಿ. ಅಷ್ಟು ವೇಗವಾಗಿ ಓಡೋ ಹುಡುಗ, ಒಂದು ಕೈ ಬಿಡಿಸ್ಕೊಳ್ಳೋಕೆ ಬರಲ್ಲ ಅಂದ್ರೆ ಏನು?"

ಹಿಡಿತ ಸಡಿಲಾಯಿತು. ಇಬ್ಬರೂ ಓಡಿದರು.

ಮೈದಾನದ ಬಾಗಿಲಲ್ಲಿ ದುಂಡಗಿನ, ಕೆಂಪು ಮುಖದ ಮುದುಕರೊಬ್ಬರು ಹಣ ತೆಗೆದುಕೊಂಡು ಜನರನ್ನು ಬಿಡುತ್ತಿದ್ದರು. ಓಡಿ ಬಂದ ಎರಡು ಕರಿ ಕೋಟುಗಳನ್ನು ನೋಡಿ ಟೋಪಿ ಮುಟ್ಟಿಕೊಂಡರು. ಆಮೇಲೆ ಕಣ್ಣು ಕಿರಿದು ಮಾಡಿದರು.

"ಮಲಾಕಿ ಗಿಟ್ಟಿನ್ಸ್. ಇಪ್ಪತ್ತು ವರ್ಷ ಆಯ್ತಲ್ಲೋ. ಕರಿ ಬಟ್ಟೆ ಹಾಕಿದೀಯ, ಯಾರು ಹೋದ್ರು?"

ಮಲಾಕಿ ಏದುಸಿರು ಬಿಡುತ್ತ ಬಾಗಿಲಿನ ಕಂಬ ಹಿಡಿದುಕೊಂಡರು. "ನೀನೇ, ಎಲಿಸ್."

ಪಂದ್ಯದ ದಿನ ಕಾರ್ಖಾನೆ ಬಿಟ್ಟು ಬಾಗಿಲು ಕಾಯುವ ಎಲಿಸ್ ಪ್ಯಾರಿ ಈ ಸುದ್ದಿಯನ್ನು ಸಮಾಧಾನದಿಂದ ಕೇಳಿಸಿಕೊಂಡರು. ಜನ ಎಷ್ಟು ಬಂದಿದ್ದರು ಎಂದು ಕೇಳಿದರು. ನಲವತ್ತು, ಪೂರ್ತಿ ಗಾಯನ ತಂಡದ ಜೊತೆ ಎಂದಾಗ ಅವರಿಗೆ ಸಂತೋಷವಾದದ್ದು ಕಾಣುತ್ತಿತ್ತು. ಆದರೂ ಟಿಕೆಟು ಆರು ಪೆನ್ನಿ, ಹಿರಿಯರಿಗೂ ಅಷ್ಟೇ ಎಂದು ಕೈ ಚಾಚಿದರು.

"ಬೇಗ ಒಳಗೆ ನಡೀರಿ. ಬಲಗಡೆ ಆಡ್ತಿರೋನು ನನ್ನ ತಮ್ಮನ ಮಗ. ಇಥೆಲ್ ಪ್ಯಾರಿ. ತೊಡೆ ಮೇಲೆ ಆಡಿಸಿದ ಕೂಸು, ಇವತ್ತು ದೇಶಕ್ಕೆ ಆಡ್ತಿದಾನೆ. ಬೆಳಿಗ್ಗೆಯಿಂದ ಬಂದೋರಿಗೆಲ್ಲ ಹೇಳ್ತಿದೀನಿ."

"ದೊಡ್ಡಪ್ಪ," ಎಂದ ಇಥೆಲ್, "ನಾನೇ ನಿಮ್ಮ ತಮ್ಮನ ಮಗ."

ಎಲಿಸ್ ಅವನ ಮುಖ ನೋಡಿದರು, ತೀರಿಹೋದ ತಮ್ಮನ ಮೂಗನ್ನು ಗುರುತಿಸಿದರು, ಮೈದಾನದ ಕಡೆ ತಿರುಗಿದರು. "ಹಾಗಾದ್ರೆ ಅಲ್ಲಿ ಓಡ್ತಿರೋ ಇಥೆಲ್ ಪ್ಯಾರಿ ಯಾರು?"

ಓಡುತ್ತಿದ್ದದ್ದು ಎಂದರೆ ತಪ್ಪಾಗುತ್ತದೆ. ವೇಲ್ಸ್‌ನ ಅಂಗಿಯೊಳಗೆ, ಕೆಳಗೆ ಮಣ್ಣಿಗೆ ಹೋಗುವ ಕರಿ ಪ್ಯಾಂಟನ್ನು ಮೊಣಕಾಲಿಗೆ ಸುತ್ತಿಕೊಂಡು, ಎರಡು ಅಳತೆ ಚಿಕ್ಕದಾದ ಬೂಟಿನಲ್ಲಿ, ಕೆಂಡದ ಮೇಲೆ ನಡೆಯುವವನ ಹಾಗೆ ಬಲಗಡೆಯ ಗೆರೆಗುಂಟ ಬರುತ್ತಿದ್ದವನು ಇದ್ವಾಲ್. ಚೆಂಡು ಅವನ ಕಡೆ ಬಂತು. ಮುಖ ಉಳಿಸಿಕೊಳ್ಳಲು ಎರಡೂ ಕೈಯಲ್ಲಿ ಹಿಡಿದ. ಹಿಡಿದದ್ದನ್ನು ಯಾರಿಗೆ ಕೊಡಬೇಕೆಂದು ಸುತ್ತ ನೋಡಿ, ಹತ್ತಿರವಿದ್ದ ಐರ್ಲೆಂಡಿನವನಿಗೆ ಮರ್ಯಾದೆಯಿಂದ ಕೊಟ್ಟ.

ಇಥೆಲ್ ಹಗ್ಗದಡಿ ನುಗ್ಗಿ ವೇಲ್ಸ್ ತಂಡದ ಕಾರ್ಯದರ್ಶಿಯ ಬಳಿಗೆ ಓಡಿದ. ಅವನ ಬೆನ್ನಿಗೇ ಬಂದ ಮಲಾಕಿ ತಮ್ಮ ಮೇಸ್ತ್ರಿ ಇಂಗ್ಲಿಷಿನಲ್ಲಿ, ನಿಜವಾದ ಪ್ಯಾರಿ ಇವನು ಎಂದು ಹೇಳಿದರು. ಕಾರ್ಯದರ್ಶಿ ಇಥೆಲ್‌ನನ್ನೂ ಅವನ ಕೋಟಿನಲ್ಲಿ ಉಳಿದಿದ್ದ ಖಾಲಿ ಜಾಗವನ್ನೂ ನೋಡಿದ. ಪ್ಯಾರಿಯ ಆಟ ನೋಡಿದ್ದ ಸದಸ್ಯ ಜ್ವರದಿಂದ ಮಲಗಿದ್ದಾನೆ, ತನಗೆ ಇವನೂ ಗೊತ್ತಿಲ್ಲ, ಅವನೂ ಗೊತ್ತಿಲ್ಲ. ಪಂಟ್‌ಹೆಲಿಗ್‌ನಿಂದ ಬೂಟು ಹಿಡಿದು ಬಂದವನು ಅವನು. ಅಲ್ಲದೆ ಆಟ ಶುರುವಾದ ಮೇಲೆ ಆಳು ಬದಲಿಸುವ ನಿಯಮ ಇಲ್ಲ. ಹೀಗೆ ಹೇಳಿ ಇಬ್ಬರನ್ನೂ ಹಗ್ಗದ ಆಚೆ ಕಳಿಸಿದ.

ಹಗ್ಗದ ಆಚೆ, ಸಾಲಾಗಿ, ಪಂಟ್‌ಹೆಲಿಗ್‌ನ ಮೂವತ್ತೊಂಬತ್ತು ಮಂದಿ ನಿಂತಿದ್ದರು. ಮಲಾಕಿ ಬರುತ್ತಿರುವುದನ್ನು ಕಂಡು ಎಲ್ಲರೂ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

"ಮಣ್ಣು ಚೆನ್ನಾಗಿ ಆಯ್ತಾ, ಹಿರಿಯರೇ?" ಎಂದು ಒಬಡಾಯ ಕೇಳಿದ.

"ಆಯ್ತು," ಎಂದರು ಮಲಾಕಿ. "ಎಷ್ಟು ಗೋಲು?"

ವೇಲ್ಸ್ ಎರಡು ಹೊಡೆದಿತ್ತು. ಎರಡೂ ಎಡಗಡೆಯಿಂದ. ಬಲಗಡೆ ಇದ್ವಾಲ್ ಇದ್ದುದರಿಂದ ಐರ್ಲೆಂಡಿನವರು ಆ ಕಡೆಗೆ ಕಾವಲು ಇಡುವುದನ್ನೇ ಬಿಟ್ಟಿದ್ದರು. ಖಾಲಿ ಗೋಲಿನ ಮುಂದೆ ಅವನಿಗೊಮ್ಮೆ ಚೆಂಡು ಸಿಕ್ಕಿತು. ಅದು ಬೇಲಿಯ ಆಚೆ ನಿಂತಿದ್ದ ಬಿಯರ್ ಗಾಡಿಗೆ ಹೋಗಿ ಬಿತ್ತು. ಸುತ್ತ ಮುತ್ತ ಜನ ಪ್ಯಾರಿ, ಪ್ಯಾರಿ ಎಂದು ಕೂಗತೊಡಗಿದರು. ಅದರ ಮುಂದೂ ಹಿಂದೂ ಸೇರಿಸುತ್ತಿದ್ದ ಮಾತುಗಳನ್ನು ಕೇಳಿ ಮಲಾಕಿ ಕಿವಿ ಮುಚ್ಚಿಕೊಂಡರು. ತನ್ನ ಹೆಸರು ಅಷ್ಟು ಸಾವಿರ ಬಾಯಲ್ಲಿ ಬರಬೇಕೆಂದು ಇಥೆಲ್ ಎಷ್ಟೋ ಸಲ ಕನಸು ಕಂಡಿದ್ದ. ಕನಸಿನಲ್ಲಿ ಹೆಸರಿನ ಜೊತೆ ಕೊಳೆತ ಆಲೂಗೆಡ್ಡೆ ತೂರಿ ಬರುತ್ತಿರಲಿಲ್ಲ. ಐರ್ಲೆಂಡ್ ಒಂದು ಗೋಲು ತೀರಿಸಿತು. ಮುಗಿಯಲು ಎರಡು ನಿಮಿಷವಿದ್ದಾಗ, ಸಹಾಯ ಮಾಡೋಣವೆಂದು ತಮ್ಮದೇ ಗೋಲಿನ ಮುಂದೆ ಬಂದು ನಿಂತಿದ್ದ ಇದ್ವಾಲ್‌ನ ಮೊಣಕಾಲಿಗೆ ಚೆಂಡು ತಗಲಿ ಒಳಗೆ ಹೋಯಿತು. ಗೆಲ್ಲಬೇಕಾಗಿದ್ದ ಪಂದ್ಯ ಎರಡು–ಎರಡಕ್ಕೆ ನಿಂತಿತು.

ಬಾಗಿಲು ಬಿಟ್ಟು ಒಳಗೆ ಬಂದು ನಿಂತಿದ್ದ ಎಲಿಸ್ ದೊಡ್ಡಪ್ಪ ಇಥೆಲ್‌ನ ಭುಜ ತಟ್ಟಿದರು. "ಊರಲ್ಲಿ ನಾನು ಸತ್ತಿದೀನಿ ತಾನೆ? ಹಾಗೇ ಇರ್ಲಿ ಬಿಡಪ್ಪ. ಇನ್ನೊಂದು ತಿಂಗಳು ಇಲ್ಲೂ ಮುಖ ತೋರ್ಸೋ ಹಾಗಿಲ್ಲ."

ವಾಪಸ್ಸಿನ ರೈಲಿನಲ್ಲಿ ಇದ್ವಾಲ್ ಬರಿಗಾಲಲ್ಲಿ ಕೂತು, ಊದಿದ ಬೆರಳುಗಳನ್ನು ನೋಡುತ್ತ, ನಡೆದದ್ದನ್ನು ಹೇಳಿದ. "ನಿನ್ನ ಬೂಟು ಒಪ್ಪಿಸಿ ಬರೋಣ ಅಂತ ಹೋದೆ ಕಣೋ. ಆ ಕಾರ್ಯದರ್ಶಿ ಇಂಗ್ಲಿಷಲ್ಲಿ ಏನೋ ಕೇಳ್ದ. ನಂಗೆ ಬರೋದು ಯೆಸ್ ಒಂದೇ. ಯೆಸ್ ಅಂದೆ. ಇನ್ನೇನೋ ಕೇಳ್ದ. ಯೆಸ್ ಅಂದೆ. ಮೂರನೇದು ಕೇಳೋ ಹೊತ್ತಿಗೆ ನನ್ನ ಅಂಗಿ ಬಿಚ್ಚಿದ್ರು."

ಯಾರೂ ಅವನನ್ನು ಬೈಯಲಿಲ್ಲ. ಲೌರಿ ಅತ್ತೆಯ ಬ್ರೆಡ್ಡು ಹಂಚಿ ತಿಂದರು. ಒಬಡಾಯ ಶ್ರುತಿಕಡ್ಡಿ ತೆಗೆದ. ಗುಂಡಿಯ ಹತ್ತಿರ ಹಾಡಲೆಂದು ಇಟ್ಟುಕೊಂಡಿದ್ದ ಮೂರನೆಯ ಕೀರ್ತನೆಯನ್ನು ಊರು ಬರುವ ತನಕ ಹಾಡಿದರು. ಮಂದ್ರದವರು ಆತುರಪಡಲಿಲ್ಲ.

ಸೋಮವಾರ ಬೆಳಿಗ್ಗೆ ಕ್ರಂಪ್ ದೊರೆಯ ಮೇಜಿನ ಮೇಲೆ ಪತ್ರಿಕೆ ಇತ್ತು. ಪಂದ್ಯದ ವರದಿಯಲ್ಲಿ ಕೊನೆಯ ಪ್ಯಾರಾ ಪೂರ್ತಿ ಇಥೆಲ್‌ಗೇ ಮೀಸಲು. ಪಂಟ್‌ಹೆಲಿಗ್‌ನ ಇಥೆಲ್ ಪ್ಯಾರಿಯನ್ನು ರೈಟ್ ವಿಂಗರ್ ಎಂದು ಆರಿಸಿದವರು ಅವನು ನಡೆಯುವುದನ್ನಾದರೂ ನೋಡಿದ್ದರೇ ಎಂದು ವರದಿಗಾರ ಕೇಳಿದ್ದ. ಕ್ರಂಪ್ ದೊರೆ ಇಥೆಲ್‌ನನ್ನೂ ಮಲಾಕಿಯವರನ್ನೂ ಕರೆಸಿದ. ಬಾಗಿಲ ಹೊರಗೆ ತಂಡದ ಉಳಿದವರು ಕಿವಿ ಇಟ್ಟು ನಿಂತರು.

ದೊಡ್ಡಪ್ಪನ ಮಣ್ಣಿನ ದಿನವೇ ಚೆಂಡಾಡಲು ಹೋದೆಯಾ ಎಂದು ದೊರೆ ಕೇಳಿದ. ಮಲಾಕಿ ಅದನ್ನು ವೆಲ್ಷಿಗೆ ತಿರುಗಿಸಿದರು. ದೇವರಾಣೆ ಆಡಲಿಲ್ಲ ಎಂದ ಇಥೆಲ್. ಈ ಮಣ್ಣಿನ ವಿಷಯದಲ್ಲಿ ಅವನಿಂದ ದೊರೆಗೆ ತಲುಪಿದ ಮಾತುಗಳಲ್ಲಿ ಇದೊಂದು ಪೂರ್ತಿ ನಿಜವಾಗಿತ್ತು. ಅವನು ಆಡಲಿಲ್ಲ ಎಂಬುದನ್ನು ಕಣ್ಣಾರೆ ಕಂಡ ನಲವತ್ತು ಮಂದಿ ಗೋಡೆಯ ಆಚೆಗೇ ಇದ್ದರು. ಆದರೆ ಅವರೆಲ್ಲ ಅದನ್ನು ಕಂಡದ್ದು ಮೈದಾನದಲ್ಲಿ.

ಕ್ರಂಪ್ ದೊರೆ ಮಲಾಕಿಯವರ ಕಡೆ ತಿರುಗಿದ. ನೀವು ಮಂದಿರದ ಹಿರಿಯರು, ನಿಮ್ಮ ಮಾತನ್ನು ನಂಬುತ್ತೇನೆ, ಇವನು ಗುಂಡಿಯ ಹತ್ತಿರ ಇದ್ದನೇ ಇಲ್ಲವೇ ಎಂದ.

ಮಲಾಕಿ ಗಿಟ್ಟಿನ್ಸ್ ಕೈಯಲ್ಲಿದ್ದ ಟೋಪಿಯನ್ನು ಎದೆಗೆ ಹಿಡಿದುಕೊಂಡರು.

"ಗುಂಡಿ ಹತ್ರ ನಾವೆಲ್ಲ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತೀವಿ, ದೊರೆಗಳೇ. ಯಾರಿದ್ರು ಯಾರಿಲ್ಲ ಅಂತ ನೋಡೋ ಪದ್ಧತಿ ಇಲ್ಲ."

ಇಥೆಲ್‌ಗೆ ಹದಿನೈದು ದಿನ ಕೆಲಸವಿಲ್ಲ ಎಂದಾಯಿತು. ಸತ್ತವರಿಗೆ ಅವಮರ್ಯಾದೆ ಮಾಡಿದ್ದಕ್ಕೆ ಈಸ್ಟರ್ ತನಕ ಊರಿನ ತಂಡದಲ್ಲೂ ಆಡಕೂಡದು ಎಂದು ಮಂದಿರದವರು ಸೇರಿಸಿದರು. ಸೇರಿಸದೆ ಬಿಟ್ಟರೆ ದೊರೆಗೆ ಅನುಮಾನ ಬರುತ್ತಿತ್ತು. ಆಯ್ಕೆ ಸಮಿತಿಯಿಂದ ಮುಂದೆಂದೂ ತಂತಿ ಬರಲಿಲ್ಲ. ವೇಲ್ಸ್ ಪರ ಇಥೆಲ್ ಪ್ಯಾರಿ ಆಡಿದ ಪಂದ್ಯ ಒಂದು, ಅದನ್ನು ಅವನು ಆರು ಪೆನ್ನಿ ಕೊಟ್ಟು ನೋಡಿದ್ದ.

ಬೆನ್ನಿಗೆ ಉಳಿ ಕೊಡತಿ ಕಟ್ಟಿಕೊಂಡು ಅವನು ಗಣಿಯ ಬಾಗಿಲು ದಾಟುತ್ತಿದ್ದಾಗ ಮಲಾಕಿ ಹಿಂದಿನಿಂದ ಬೇಗ ಬೇಗ ಹೆಜ್ಜೆ ಹಾಕುತ್ತ ಬಂದರು. ಅತ್ತ ಇತ್ತ ನೋಡಿ ಅವನ ಕೈಯನ್ನು ತಮ್ಮ ಕೈಯಲ್ಲಿ ಸಿಕ್ಕಿಸಿಕೊಂಡರು. ತಪ್ಪು ಒಪ್ಪಿಕೊಳ್ಳಲು ಬಂದಿರಬೇಕು ಎಂದುಕೊಂಡ ಇಥೆಲ್.

"ಬರೋ ತಿಂಗಳು ಸ್ಕಾಟ್‌ಲೆಂಡಿನೋರು ರೆಕ್ಸ್‌ಹ್ಯಾಮಿಗೆ ಬರ್ತಾರಂತೆ," ಎಂದರು ಮಲಾಕಿ, ದನಿ ತಗ್ಗಿಸಿ. "ನಿಮ್ಮ ತಾಯಿ ಕಡೆ ಯಾರಾದ್ರೂ ಇದಾರೇನಯ್ಯ?"